ಲೆನ್ಸ್ ಡಬ್ಬಿಯಲ್ಲಿ ನಲ್ಲಿ ನೀರು

ಅಭಿಸರಣೆಯ ಪಾಠ ಮಾಡುವಾಗ ಪ್ರತಿವರ್ಷ ನಾನೊಂದು ಮಾತು ಹೇಳುತ್ತಿದ್ದೆ: "ನಮ್ಮ ಕಣ್ಣೀರು ಉಪ್ಪುನೀರು. 100 ಮಿಲಿಲೀಟರ್ ನೀರಿಗೆ 0.9 ಗ್ರಾಂ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಅದೇ ಹದ." ಮಾತು ಸರಿಯೇ. ಆದರೆ ಅದನ್ನು ಕೇಳಿಸಿಕೊಂಡಿದ್ದ ಹುಡುಗಿಯೊಬ್ಬಳು ಮುಂದೆ ಕಾಲೇಜು ಹಾಸ್ಟೆಲಿನಲ್ಲಿದ್ದಾಗ, ಕಾಂಟ್ಯಾಕ್ಟ್ ಲೆನ್ಸ್ ನೆನೆಸಿಡುವ ದ್ರಾವಣ ಮುಗಿಯಿತೆಂದು ನಲ್ಲಿ ನೀರಿಗೆ ಉಪ್ಪು ಬೆರೆಸಿ ಎರಡು ವಾರ ದೂಡಿದಳು. ತಿಂಗಳ ಕೊನೆ, ಅಪ್ಪನ ಹತ್ತಿರ ದುಡ್ಡು ಕೇಳಲು ಸಂಕೋಚ.

ಕಣ್ಣು ಕೆಂಪಾಯಿತು. ಬೆಳಕು ನೋಡಲಾಗದಷ್ಟು ನೋವು. ಮೊದಲು ವೈರಸ್ ಸೋಂಕೆಂದು ಔಷಧಿ ನಡೆಯಿತು. ಈ ಕಾಯಿಲೆಯಲ್ಲಿ ಹಾಗಾಗುವುದು ಅಪರೂಪವಲ್ಲ. ಕೊನೆಗೆ ಗೊತ್ತಾದದ್ದು ಅಕಾಂತಮೀಬಾ. ನೀವು ಪಠ್ಯಪುಸ್ತಕ ನೋಡಿ ಚಿತ್ರ ಬರೆಯುತ್ತೀರಲ್ಲ, ಆ ಅಮೀಬಾದ ದೂರದ ನಂಟ. ಮಣ್ಣಿನಲ್ಲಿ, ಕೆರೆಯಲ್ಲಿ, ನಲ್ಲಿ ನೀರಿನಲ್ಲಿ ಎಲ್ಲೆಲ್ಲೂ ಇದೆ. ಆ ನೀರನ್ನು ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪರಿಸ್ಥಿತಿ ಕೆಟ್ಟರೆ ಅದು ಎರಡು ಪದರದ ಕವಚ ಕಟ್ಟಿಕೊಂಡು ಕುಳಿತುಬಿಡುತ್ತದೆ. ನಲ್ಲಿ ನೀರಿಗೆ ಹಾಕುವಷ್ಟು ಕ್ಲೋರಿನ್ ಆ ಕವಚವನ್ನು ಅಲುಗಾಡಿಸದು. ಚಿಟಿಕೆ ಉಪ್ಪಂತೂ ಲೆಕ್ಕಕ್ಕೇ ಇಲ್ಲ.

ನಾನು ಹೇಳಿದ 0.9 ಹದವನ್ನು ಕುರಿತದ್ದು, ಶುದ್ಧಿಯನ್ನು ಕುರಿತದ್ದಲ್ಲ. ಈ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಎಂದೂ ಬಿಡಿಸಿ ಹೇಳಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿಯೂ ಉಪ್ಪಿನ ಮಾತ್ರೆಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಮನೆಯಲ್ಲೇ ದ್ರಾವಣ ಮಾಡಿಕೊಂಡವರಿಗೆ ಇದೇ ಸೋಂಕು ತಗುಲಿತ್ತು. ಭಟ್ಟಿ ನೀರಾದರೇನು, ಬಾಟಲಿ ತೆರೆದು ಕೈಯಾಡಿಸಿದ ಮೇಲೆ ಅದು ಮಾಮೂಲಿ ನೀರೇ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ನಮಗೆ ಜಗತ್ತು ಸ್ವಚ್ಛವಾಗಿ ಕಾಣುತ್ತಿರಲಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ ಬರಬೇಕು. ಅದರ ಮೇಲೆ ಲೆನ್ಸ್ ಕೂರಿಸಿ, ರೆಪ್ಪೆಯನ್ನೂ ಮುಚ್ಚಿ ಮಲಗಿದರೆ ಕಾರ್ನಿಯಕ್ಕೆ ಉಸಿರು ಕಟ್ಟಿದಂತೆ. ಆದ್ದರಿಂದ ಮಧ್ಯಾಹ್ನದ ಸಣ್ಣ ನಿದ್ದೆಗೂ ಲೆನ್ಸ್ ತೆಗೆಯಿರಿ.

ಉಳಿದದ್ದು ಬೇಸರದ ದಿನಚರಿ. ಸೋಪಿನಲ್ಲಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರಾ ಒರೆಸಿಕೊಳ್ಳಿ. ಒದ್ದೆ ಕೈಯೆಂದರೆ ಮತ್ತೆ ನಲ್ಲಿ ನೀರೇ ತಾನೆ? ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಮೆಲ್ಲನೆ ಉಜ್ಜಿ. ಡಬ್ಬಿಯಲ್ಲಿ ಉಳಿದ ನಿನ್ನೆಯ ದ್ರಾವಣದ ಮೇಲೆ ಹೊಸದನ್ನು ಸುರಿಯಬೇಡಿ, ಚೆಲ್ಲಿಬಿಡಿ. ಖಾಲಿ ಡಬ್ಬಿಯನ್ನು ದ್ರಾವಣದಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೆ ಬದಲಾಯಿಸಿ. ಲೆನ್ಸ್ ಹಾಕಿಕೊಂಡು ಸ್ನಾನ, ಈಜು ಬೇಡವೇ ಬೇಡ. ಕಾಡಿಗೆ ಹಚ್ಚುವವರು ಲೆನ್ಸ್ ಹಾಕಿದ ಮೇಲೆ ಹಚ್ಚಲಿ. ಕಣ್ಣು ಕೆಂಪಾದರೆ ಲೆನ್ಸ್ ತೆಗೆದು, ಅದನ್ನೂ ಡಬ್ಬಿಯನ್ನೂ ಹಿಡಿದುಕೊಂಡು ಅಂದೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿದ್ದ ಹಳೆಯ ಹನಿ ಹಾಕಿಕೊಂಡು ಕಾಯಬೇಡಿ.

ಪಾಲಕರಿಗೊಂದು ಮಾತು. ಮಕ್ಕಳಿಗೆ ಲೆನ್ಸ್ ಕೊಡಿಸುವ ದಿನವೇ ತಿಂಗಳ ದ್ರಾವಣದ ಖರ್ಚನ್ನೂ ಲೆಕ್ಕ ಹಾಕಿ, ಅದನ್ನು ಕೈಖರ್ಚಿನ ದುಡ್ಡಿನಿಂದ ಬೇರೆಯಾಗಿಯೇ ಕೊಡಿ. ಜೊತೆಗೊಂದು ಕನ್ನಡಕವೂ ಚೀಲದಲ್ಲಿರಲಿ. ಕನ್ನಡಕವೊಂದು ಇದ್ದಿದ್ದರೆ ಆ ಹುಡುಗಿ ಎರಡು ವಾರ ಅದನ್ನೇ ಹಾಕಿಕೊಂಡು ತಿರುಗುತ್ತಿದ್ದಳು.

ಮೊದಮೊದಲು ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ ಹಾಕಬೇಕಾಗಿತ್ತು, ಅವಳ ತಾಯಿ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದರು. ಔಷಧಿ ಎಂಟು ತಿಂಗಳು ನಡೆಯಿತು. ಎಡಗಣ್ಣಿನಲ್ಲಿ ಕಲೆ ಉಳಿದಿದೆ. ಆ ಕಣ್ಣಿನಿಂದ ನೋಡಿದರೆ ದೀಪದ ಸುತ್ತ ಮಂಜು ಕವಿದ ಹಾಗೆ ಕಾಣುತ್ತದಂತೆ.