ಕೆಲಸಕ್ಕೆ ನಾವು ಬೇಕು, ಓಟಿಗೆ ಬೇಡ್ವಾ?

'ಕಮ್ಯುನಿಟಿ' ಅನ್ನೋ ಪದ ಕೇಳಿದ್ರೆ ನನಗೀಗ ಮೈ ಉರಿಯುತ್ತೆ. ಬೆಂಗಳೂರಲ್ಲಿ ಫ್ಲ್ಯಾಟ್ ಮಾರೋನಿಗೂ ಕಮ್ಯುನಿಟಿ ಬೇಕು, ಆ್ಯಪ್ ಮಾಡಿದೋನಿಗೂ ಬೇಕು, ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆಗೆ ಕೊಡೋನಿಗೂ ಬೇಕು. ನಾನು ಶನಿವಾರ ಆಡಲಿಕ್ಕೆ ಹೋಗ್ತಿದ್ದ ಫುಟ್‌ಬಾಲ್ ಕ್ಲಬ್ಬಿನವರು 'ಇದು ನಿಮ್ಮದೇ ಕ್ಲಬ್, ವಾಲಂಟಿಯರ್ ಆಗಿ ಬನ್ನಿ' ಅಂದ್ರು. ಹೋದ್ವಿ. ಮಕ್ಕಳ ಟೂರ್ನಮೆಂಟಿಗೆ ಕೋನ್ ಜೋಡಿಸಿದ್ವಿ, ನೀರಿನ ಕ್ಯಾನ್ ಹೊತ್ವಿ, ವೆಬ್‌ಸೈಟನ್ನೂ ಪುಕ್ಕಟೆ ಮಾಡಿಕೊಟ್ವಿ. ಆಮೇಲೊಂದು ದಿನ ಮಕ್ಕಳ ಫೀಸು ಏರಿಸಿದ್ರು. ಯಾಕೆ ಅಂತ ಕೇಳಿದವನನ್ನು ವಾಟ್ಸ್‌ಆ್ಯಪ್ ಗ್ರೂಪಿನಿಂದ ತೆಗೆದುಹಾಕಿದ್ರು.

ಇದನ್ನ ಸೇವೆ ಅಂತ ಕರೀಬೇಡಿ. ಇದು ಬಿಟ್ಟಿ ಚಾಕರಿ. ವಾಲಂಟಿಯರುಗಳ ಬೆವರಿನಿಂದ ಒಂದು ಕ್ಲಬ್ ಬೆಳೆಯೋದು ಅಂದ್ರೆ ಹೇಗಿರುತ್ತೆ ಅಂತ ನೋಡಬೇಕಾದ್ರೆ ಲಂಡನ್ನಿನ ವಿಂಬಲ್ಡನ್ ಕಡೆ ತಿರುಗಿ. ಟೆನಿಸ್ ಅಲ್ಲ ಮಾರಾಯ್ರೇ, ಫುಟ್‌ಬಾಲ್.

ವಿಂಬಲ್ಡನ್ ಎಫ್‌ಸಿ 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದ ತಂಡ. 1991ರಲ್ಲಿ ಅದು ಪ್ಲೌ ಲೇನ್ ಅನ್ನೋ ತನ್ನ ಸ್ವಂತ ಮೈದಾನ ಬಿಟ್ಟು ಇನ್ನೊಂದು ಕ್ಲಬ್ಬಿನ ಅಂಗಳಕ್ಕೆ ಹೋಯ್ತು. ಕಡೆಗೆ ಮಾಲೀಕರು ಇಡೀ ತಂಡವನ್ನೇ ಸುಮಾರು 90 ಕಿಲೋಮೀಟರ್ ಆಚೆಯ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋಗ್ತೀವಿ ಅಂದ್ರು. ಹೆಚ್ಚುಕಮ್ಮಿ ಬೆಂಗಳೂರಿಂದ ಮಂಡ್ಯದಷ್ಟು ದೂರ. 2002ರ ಮೇ 28ರಂದು ಮೂವರ ಆಯೋಗವೊಂದು 2-1 ಬಹುಮತದಿಂದ ಹೂಂ ಅಂತು. ಸಾಲದ್ದಕ್ಕೆ, ಅಭಿಮಾನಿಗಳು ಅಲ್ಲೇ ಹೊಸ ಕ್ಲಬ್ ಕಟ್ಟೋದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಒಳ್ಳೇದಲ್ಲ ಅಂತ ವರದಿಯಲ್ಲಿ ಬುದ್ಧಿಮಾತು ಬೇರೆ ಹೇಳಿತು.

ಅವರು ಕಟ್ಟಿಯೇಬಿಟ್ರು. ಸುಮಾರು ಒಂದು ತಿಂಗಳಲ್ಲಿ ವಿಂಬಲ್ಡನ್ ಕಾಮನ್ ಅನ್ನೋ ಸಾರ್ವಜನಿಕ ಬಯಲಲ್ಲಿ ಆಟಗಾರರ ಆಯ್ಕೆಗೆ ಕರೆದ್ರು, 230 ಜನ ಬಂದ್ರು. ಹೊಸ ಎಎಫ್‌ಸಿ ವಿಂಬಲ್ಡನ್ನಿನ ಮೊದಲ ಸ್ನೇಹ ಪಂದ್ಯ ನೋಡೋಕೆ 4,500ಕ್ಕೂ ಹೆಚ್ಚು ಜನ. ಫಲಿತಾಂಶ? 4-0 ಸೋಲು! ಇಂಗ್ಲಿಷ್ ಫುಟ್‌ಬಾಲಿನ 9ನೇ ಹಂತದಿಂದ ಶುರು ಮಾಡಿ, 9 ವರ್ಷದಲ್ಲಿ 5 ಬಡ್ತಿ ಪಡೆದು, 2011ರಲ್ಲಿ ಫುಟ್‌ಬಾಲ್ ಲೀಗಿಗೇ ಬಂದ್ರು. ಗೇಟಲ್ಲಿ ನಿಲ್ಲೋದು, ಪಂದ್ಯದ ಪುಸ್ತಿಕೆ ಮಾರೋದು, ಇಂಟರ್ನೆಟ್ಟಿನಲ್ಲಿ ಕಾಮೆಂಟರಿ ಹೇಳೋದು, ಹೀಗೆ ಎಷ್ಟೋ ಕೆಲಸ ಸಂಬಳವಿಲ್ಲದೆ ದುಡಿಯೋರ ಕೈಯಲ್ಲೇ ನಡೀತು.

ನಮ್ಮ ಕಾರ್ಪೊರೇಟ್ ಮಂದಿ ಈ ಕಥೆ ಕೇಳಿದ ತಕ್ಷಣ 'ಪ್ಯಾಶನ್' ಅಂತಾರೆ. ಪ್ಯಾಶನ್ ಇದ್ದೋರನ್ನ ಹೇಗೆ ಹಿಂಡ್ತಾರೆ ಅಂತ ಐಟಿಯಲ್ಲಿ ಹನ್ನೆರಡು ವರ್ಷ ಸವೆಸಿದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ವಿಂಬಲ್ಡನ್ನಿನಲ್ಲಿ ಇದ್ದದ್ದು ಬೇರೆ. ಕ್ಲಬ್ಬಿನ ಒಡೆತನ ಅಭಿಮಾನಿಗಳ ಡಾನ್ಸ್ ಟ್ರಸ್ಟ್ ಕೈಲಿದೆ, ಆ ಟ್ರಸ್ಟಿನಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು. ನಮ್ಮೂರ ಹಾಲಿನ ಡೈರಿ ನೋಡಿದೋರಿಗೆ ಇದೇನೂ ಹೊಸದಲ್ಲ. ಒಂದು ಹಸು ಕಟ್ಟಿದೋಳಿಗೂ ಒಂದು ಓಟು, ಹತ್ತು ಹಸು ಇರೋ ಗೌಡನಿಗೂ ಒಂದೇ ಓಟು. ಅಲ್ಲೂ ರಾಜಕೀಯ ಇದೆ, ಫ್ಯಾಟ್ ಕಮ್ಮಿ ಬರೆದ ಅಂತ ಬೆಳಬೆಳಗ್ಗೆ ಜಗಳ ಇದೆ. ಆದ್ರೆ ಜಗಳ ಆಡಿದೋಳನ್ನ ಗ್ರೂಪಿಂದ ತೆಗೆಯೋಕಾಗಲ್ಲ. ಅವಳು ಸದಸ್ಯೆ!

ಈ ಓಟು ತೂಗಿದ್ದು ಹಳೇ ಬೀದಿಗೆ ವಾಪಸ್ ಹೋಗಿ ಹೊಸ ಸ್ಟೇಡಿಯಂ ಕಟ್ಟುವಾಗ. ಅರ್ಧ ದಾರಿಯಲ್ಲಿ ದುಡ್ಡು ಸಾಲದೆ ಹೋಯ್ತು. ಹೊರಗಿನವರಿಗೆ ಹಿಡಿತ ಬಿಟ್ಟುಕೊಡೋ ಭಯ ಎದ್ದಾಗ ಅಭಿಮಾನಿಗಳೇ ಬಾಂಡ್ ತಂದು 50 ಲಕ್ಷ ಪೌಂಡಿಗೂ ಹೆಚ್ಚು ಒಟ್ಟು ಮಾಡಿದ್ರು. ಒಬ್ಬ ಉದ್ಯಮಿಯ ದೊಡ್ಡ ಹಣವೂ ಬಂತು ನಿಜ, ಆದ್ರೆ ಸಣ್ಣ ಪಾಲಿಗೆ ಮಾತ್ರ, ಅದೂ ಸದಸ್ಯರು ಓಟು ಹಾಕಿ ಒಪ್ಪಿದ ಮೇಲೆ. 2020ರ ನವೆಂಬರ್ 3ರಂದು ಪ್ಲೌ ಲೇನ್‌ನಲ್ಲಿ ಮತ್ತೆ ಆಟ ನಡೀತು. ಕೋವಿಡ್ ಕಾರಣ ಸ್ಟ್ಯಾಂಡ್ ಖಾಲಿ. ದುಡ್ಡು ಹಾಕಿದವರು ಮನೇಲಿ ಕೂತು ನೋಡಿದ್ರು. ಅದೇ ವರ್ಷ ಮಾರ್ಚಿಂದ ಈ ಅಭಿಮಾನಿಗಳ ಒಂದು ಗುಂಪು ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ನಿಂತು ದಿನಸಿ ಸಂಗ್ರಹಿಸಿ ಮನೆಮನೆಗೆ ಹಂಚ್ತಿತ್ತು, ಹಳೇ ಲ್ಯಾಪ್‌ಟಾಪ್ ರಿಪೇರಿ ಮಾಡಿ ಶಾಲೆ ಮಕ್ಕಳಿಗೆ ಕೊಡ್ತಿತ್ತು.

ಇವರೇನು ಸಂತರಲ್ಲ. ಸ್ಟೇಡಿಯಂ ಖರ್ಚಿಗೆ ತಮ್ಮ ಹಿಂದಿನ ಕಿಂಗ್ಸ್‌ಮೆಡೋ ಮೈದಾನವನ್ನು ಚೆಲ್ಸಿಗೆ ಮಾರಿದ್ರು. ಆ ಮೈದಾನ ಮೊದಲಿಂದ ಕಿಂಗ್‌ಸ್ಟೋನಿಯನ್ ಅನ್ನೋ ಸಣ್ಣ ಕ್ಲಬ್ಬಿನ ಮನೆ. ಅವರು 2017ರಲ್ಲಿ ಗಂಟುಮೂಟೆ ಕಟ್ಟಬೇಕಾಯ್ತು. ಮನೆ ಕಳಕೊಂಡ ನೋವು ಗೊತ್ತಿದ್ದೋರೇ ಇನ್ನೊಬ್ಬರು ಮನೆ ಕಳಕೊಳ್ಳೋಕೆ ಕಾರಣ ಆದ್ರು. ಓಟಿದ್ದ ಮಾತ್ರಕ್ಕೆ ಎಲ್ಲ ತೀರ್ಮಾನವೂ ನ್ಯಾಯವಾಗಲ್ಲ. ಆದ್ರೆ ಆ ತೀರ್ಮಾನಕ್ಕೆ ಹೊಣೆ ಯಾರು ಅಂತ ಕೇಳೋಕೆ ಹೆಸರುಗಳಾದ್ರೂ ಇರ್ತವೆ.

'ಇಷ್ಟೆಲ್ಲ ಮಾಡಿಯೂ ಪ್ರೀಮಿಯರ್ ಲೀಗ್ ಮುಟ್ಟಲಿಲ್ವಲ್ಲ' ಅಂತ ನನ್ನ ಟೀಮಿನ ಹುಡುಗನೊಬ್ಬ ನಗ್ತಾನೆ. ನಿಜ. 2022ರಲ್ಲಿ ಒಂದು ಹಂತ ಕೆಳಗೆ ಬಿದ್ರು, 2025ರಲ್ಲಿ ಮತ್ತೆ ಹತ್ತಿದ್ರು. ಈ ಹುಡುಗ ರಾತ್ರಿ ಒಂದೂವರೆಗೆ ಎದ್ದು ಮ್ಯಾಂಚೆಸ್ಟರ್ ಪಂದ್ಯ ನೋಡಿ, ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿ 'ನಾವು ಗೆದ್ವಿ' ಅಂತಾನೆ. ಯಾರಪ್ಪ ನಾವು? ನಾಳೆ ಮಾಲೀಕ ಟಿಕೆಟ್ ದರ ಏರಿಸಿದ್ರೆ ನಿನ್ನನ್ನ ಕೇಳ್ತಾನಾ? ನೀನು ಅಲ್ಲಿ ಗಿರಾಕಿ. ತಪ್ಪಿಲ್ಲ, ನಾನೂ ಗಿರಾಕಿಯೇ. ಆದ್ರೆ ಪಕ್ಕದ ಬಡಾವಣೆಯ ಕ್ಲಬ್ಬಲ್ಲೂ ಗಿರಾಕಿಯಾಗಿ, ಮೇಲೆ ಪುಕ್ಕಟೆ ಕೂಲಿಯೂ ಆಗಿ ಇರೋದಿದೆಯಲ್ಲ, ಅದನ್ನ ನಾನು ಒಪ್ಪಲ್ಲ.

ಮುಂದಿನ ಸಲ ಯಾರಾದ್ರೂ ವಾಲಂಟಿಯರ್ ಅಂತ ಬರೆದಿರೋ ಟೀ ಶರ್ಟ್ ಕೊಟ್ರೆ, ಹಾಕ್ಕೊಳ್ಳೋಕೆ ಮುಂಚೆ ಬೈಲಾ ಕೇಳಿ, ಜಮಾ-ಖರ್ಚಿನ ಪಟ್ಟಿ ಕೇಳಿ, ವಾರ್ಷಿಕ ಸಭೆ ಯಾವತ್ತು ಅಂತ ಕೇಳಿ. ನುಣುಚಿಕೊಂಡ್ರೆ ಬೇರೆ ಕ್ಲಬ್ ಕಟ್ಟಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಒಂದು ಸಂಘ ನೋಂದಾಯಿಸೋಕೆ ಏಳು ಜನ ಸಾಕು. ಫೈವ್ಸ್ ಆಡೋಕೆ ಬರೋರೇ ಹತ್ತು ಜನ ಇದ್ದೀರಿ.