ಗಿರಣಿಯ ಬಾಗಿಲ ಫಲಕವು

ಕಟ್ಟಿಗೆ ಕೊಯ್ಯುವ ಗಿರಣಿಯ ಬಾಗಿಲಲ್ಲಿ ತೂಗಹಾಕಿದ ನೋಟೀಸು ಸಂಪಾದಕೀಯಕ್ಕೆ ತಕ್ಕ ವಿಷಯವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ತಿರುಗುವ ಗರಗಸಕ್ಕೆ ಯಾವ ಭಾಷೆಯೂ ತಿಳಿಯದು. ಅದರ ಮುಂದೆ ನಿಂತ ಮನುಷ್ಯನಿಗೆ ಮಾತ್ರ ಒಂದು ಭಾಷೆಯುಂಟು. ಎಚ್ಚರಿಕೆಯ ಮಾತು ಆ ಭಾಷೆಯಲ್ಲಿ ಇರದಿದ್ದರೆ ಅದು ಎಚ್ಚರಿಕೆಯಲ್ಲ. ಯಜಮಾನನು ತನ್ನ ಹೊಣೆಯನ್ನು ಕಳಚಿಕೊಳ್ಳಲು ಅಂಟಿಸಿದ ಕಾಗದವಷ್ಟೆ. ಆ ಕಾಗದವನ್ನು ಓದಲಾರದವನು ತೆರುವ ಬೆಲೆಯು ಕೈಬೆರಳುಗಳು.

ಈ ನ್ಯಾಯವನ್ನು ಸರಕಾರವೂ ಒಪ್ಪಿ ಬಹುಕಾಲವಾಯಿತು. ಕೆಲಸದ ಸ್ಥಾಯೀ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ ಬಹುಸಂಖ್ಯ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಪ್ರಕಟಿಸಬೇಕೆಂದು 1946ರ ಕಾಯಿದೆಯು ವಿಧಿಸಿತು. 1948ರ ಕಾರಖಾನೆಗಳ ಕಾಯಿದೆಯ 108ನೆಯ ಕಲಮು ಇದೇ ಮಾತನ್ನು ಎಲ್ಲ ನೋಟೀಸುಗಳಿಗೂ ಅನ್ವಯಿಸಿ, ಅವು ಶುಚಿಯಾಗಿಯೂ ಸ್ಪಷ್ಟವಾಗಿಯೂ ಇರತಕ್ಕದ್ದೆಂದು ಹೇಳಿತು. 2025ರ ನವೆಂಬರ 21ರಿಂದ ಈ ಕಾಯಿದೆಗಳ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕಾಯಿದೆಯ ಹೆಸರು ಬದಲಾಗಬಹುದು, ನ್ಯಾಯವು ಬದಲಾಗದು.

ನಮ್ಮ ದಾಂಡೇಲಿಯನ್ನೇ ನೋಡಿರಿ. ಕಾಳೀ ನದಿಯ ದಂಡೆಯ ಈ ಊರು ಸಾಗವಾನಿಯ ದಿಮ್ಮಿಗಳಿಂದ ಬೆಳೆದುದು; ಅಳ್ನಾವರದಿಂದ ಬಂದ ರೈಲು ಕವಲು ಈ ನಾಟಾವನ್ನು ಹೊತ್ತೊಯ್ದಿತು. 1955ರಲ್ಲಿ ಅಲ್ಲಿ ಕಾಗದದ ಕಾರಖಾನೆಯೂ ಹುಟ್ಟಿತು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಮಾತನಾಡುವವರು ಅನ್ನವನ್ನರಸಿ ಬಂದು ಒಂದೇ ಓಣಿಯ ನೆರೆಯವರಾದರು. 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಈ ಜಿಲ್ಲೆಯು 1956ರ ನವೆಂಬರ 1ರಂದು ಕನ್ನಡಿಗರ ಒಂದಾದ ನಾಡಿಗೆ ಮರಳಿತು. ಅಲ್ಲಿಯ ವರೆಗೆ ತಮ್ಮನ್ನಾಳುವ ಮಾತು ತಮಗೆ ತಿಳಿಯಬೇಕೆಂದು ಕನ್ನಡಿಗರು ಬೇಡಿದ್ದು ನ್ಯಾಯವಾಗಿಯೇ ಇದ್ದಿತು.

ಆದುದರಿಂದಲೇ ನಾವು ಎರಡು ಮಾತು ಹೇಳುವೆವು. ಕರ್ನಾಟಕದ ಪ್ರತಿಯೊಂದು ಗಿರಣಿಯ ಫಲಕದಲ್ಲಿ ಮೊದಲ ಸ್ಥಾನವು ಕನ್ನಡಕ್ಕೆ; ಅದೂ ಓದಿದರೆ ಅರ್ಥವಾಗುವ ಕನ್ನಡಕ್ಕೆ. ಆದರೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಇಂದು ನಮ್ಮ ಗರಗಸದ ಮುಂದೆ ನಿಂತವನಿಗೆ ಅವನ ಭಾಷೆಯಲ್ಲಿಯೂ ಎರಡು ಸಾಲು ಇರಲಿ. ಮುಂಬಯಿಯಿಂದ ನಾವು ಕೇಳಿದುದನ್ನು ನಮ್ಮಲ್ಲಿಗೆ ಬಂದವನಿಗೆ ನಿರಾಕರಿಸುವದು ಸ್ವಾಭಿಮಾನವಲ್ಲ, ಮರೆವು.

ಇನ್ನೊಂದು ಮರೆವೂ ಉಂಟು. 1996ರ ಡಿಸೆಂಬರ 12ರಂದು ಸರ್ವೋಚ್ಚ ನ್ಯಾಯಾಲಯವು, ಕೇಂದ್ರ ಸರಕಾರದ ಸಮ್ಮತಿಯಿಲ್ಲದೆ ಅರಣ್ಯಗಳೊಳಗೆ ನಡೆಯುವ ಕಟ್ಟಿಗೆ ಗಿರಣಿಗಳನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಅಡವಿಯ ರಕ್ಷಣೆಗೆ ಅದು ಬೇಕಾಗಿಯೇ ಇದ್ದಿತು. ಆದರೆ ಗಿರಣಿಯು ನಿಂತಲ್ಲೆಲ್ಲ ಅದನ್ನು ನಂಬಿದ ಜನರ ಕಥೆಯೂ ಕೂಡಿಯೇ ಅಳಿಯಬೇಕೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಫ್ರೇಜರ್ ಮಿಲ್ಸ್ ಎಂಬ ಗಿರಣಿಗೆ 1909ರಲ್ಲಿ ಕ್ವಿಬೆಕ್ಕಿನಿಂದ ಫ್ರೆಂಚ್ ನುಡಿಯ ಕೆಲಸಗಾರರನ್ನು ಕುಟುಂಬಸಮೇತ ಕರೆತಂದರು. ಸುತ್ತಲೂ ಇಂಗ್ಲಿಷು ತುಂಬಿದ್ದ ನೆಲದಲ್ಲಿ ಅವರು ತಮ್ಮ ಇಗರ್ಜಿಯನ್ನೂ ಶಾಲೆಯನ್ನೂ ಕಟ್ಟಿಕೊಂಡರು. 2001ರಲ್ಲಿ ಗಿರಣಿಯು ಮುಚ್ಚಿತು. ಆದರೂ ಮಯಾರ್‌ವಿಲ್ ಎಂಬ ಅವರ ಊರಿನ ಹೆಸರು ಉಳಿದಿದೆ. ‘ಕಟ್ಟಿಗೆಯ ಹಬ್ಬ’ವೆಂಬರ್ಥದ ಫ್ರೆಂಚ್ ಹೆಸರಿನ ಉತ್ಸವವೂ ಅಲ್ಲಿ ನಡೆಯುತ್ತ ಬಂದಿದೆ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ನಿಮ್ಮ ಊರಲ್ಲಿ ಹಳೆಯ ಗಿರಣಿಯಿದ್ದರೆ ವಿದ್ಯಾರ್ಥಿಗಳೊಡನೆ ಒಮ್ಮೆ ಹೋಗಿರಿ. ಹಳೆಯ ಫಲಕ, ಹಾಜರಿ ಪುಸ್ತಕ, ಕೂಲಿಯ ಚೀಟಿ, ಏನಿದ್ದರೂ ಪ್ರತಿ ತೆಗೆದಿಡಿರಿ. ಮುದುಕರ ಮಾತನ್ನು ಬರೆದುಕೊಳ್ಳಿರಿ. ದಿಮ್ಮಿ ಎಳೆದವರ ಚರಿತ್ರೆಯಿಲ್ಲದೆ ನಾಡಿನ ಚರಿತ್ರೆಯು ಪೂರ್ಣವಾಗಲಾರದು. ಹಾಗೆ ಹೋದಾಗ ಬಾಗಿಲ ಮೇಲಿನ ಇಂದಿನ ನೋಟೀಸನ್ನೂ ಓದಿರಿ. ಅದು ಅಲ್ಲಿ ದುಡಿಯುವವನಿಗೆ ತಿಳಿಯದಂತಿದ್ದರೆ, ಅಲ್ಲಿಯೇ ನಿಂತು ಯಜಮಾನನನ್ನು ಕೇಳಿರಿ.