‘ಎ ವೆಡ್ನೆಸ್‌ಡೇ’: ಜನಸಾಮಾನ್ಯನ ಕೋಪ ಮತ್ತು ನ್ಯಾಯದ ತಕ್ಕಡಿ

ಸೇಡಿನ ಕಥೆಗಳಿಗೆ ನಮ್ಮ ದೇಶದ ಸಿನಿಮಾಗಳಲ್ಲಿ ಎಂದೂ ಬರವಿಲ್ಲ. ಕಾನೂನು ಕೈಚೆಲ್ಲಿದಾಗ ನಾಯಕ ಕೋವಿ ಎತ್ತಿಕೊಳ್ಳುತ್ತಾನೆ, ದುಷ್ಟರು ಒಬ್ಬೊಬ್ಬರಾಗಿ ಉರುಳುತ್ತಾರೆ, ಪ್ರೇಕ್ಷಕ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಇಂಥ ಬಹುಪಾಲು ಚಿತ್ರಗಳು ಮರುದಿನದ ಚರ್ಚೆಗೂ ಅರ್ಹವಲ್ಲ. ಆದರೆ 2008ರ ಸೆಪ್ಟೆಂಬರ್ 5ರಂದು ತೆರೆಕಂಡ ‘ಎ ವೆಡ್ನೆಸ್‌ಡೇ’ ಎಂಬ ಹಿಂದಿ ಚಿತ್ರವನ್ನು ಹಾಗೆ ತಳ್ಳಿಹಾಕಲಾಗದು. ನಿರ್ದೇಶಕ ನೀರಜ್ ಪಾಂಡೆಯವರ ಈ ಮೊದಲ ಚಿತ್ರಕ್ಕೆ ಚೊಚ್ಚಲ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಬಂತು. ತಮಿಳು ಮತ್ತು ತೆಲುಗಿನಲ್ಲಿ ಕಮಲ್ ಹಾಸನ್ ಅದನ್ನು ಮತ್ತೆ ತೆರೆಗೆ ತಂದರು. ಇಂದಿಗೂ ಮನೆಮನೆಗಳಲ್ಲಿ ಯುವಕರು ಅದನ್ನು ಮೊಬೈಲಿನಲ್ಲಿ ನೋಡುತ್ತಾರೆ, ಅದರ ಸಂಭಾಷಣೆಗಳನ್ನು ಹಂಚಿಕೊಳ್ಳುತ್ತಾರೆ. ಅದು ನಮ್ಮ ಬಗ್ಗೆಯೂ ಮಾತಾಡುವ ಚಿತ್ರ. ಆದ್ದರಿಂದ ಅದರ ಗುಣವನ್ನೂ ದೋಷವನ್ನೂ ತೂಗಿ ನೋಡುವುದು ನಮ್ಮ ಹೊಣೆಯಾಗಿದೆ.

ಕಥೆ ಒಂದು ಬುಧವಾರದ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಮುಂಬೈಯಲ್ಲಿ ನಡೆಯುತ್ತದೆ. ಹೆಸರಿಲ್ಲದ ಒಬ್ಬ ಮಧ್ಯವಯಸ್ಕ, ಕಟ್ಟಡವೊಂದರ ತಾರಸಿಯಲ್ಲಿ ಕುಳಿತು ಪೊಲೀಸ್ ಕಮಿಷನರ್ ಪ್ರಕಾಶ್ ರಾಥೋಡ್‌ಗೆ ಕರೆ ಮಾಡುತ್ತಾನೆ. ನಗರದ ಐದು ಕಡೆ ಬಾಂಬ್ ಇಟ್ಟಿರುವುದಾಗಿ ಹೇಳಿ, ಬಂಧನದಲ್ಲಿರುವ ನಾಲ್ವರು ಭಯೋತ್ಪಾದಕರನ್ನು ತಾನು ಹೇಳಿದಲ್ಲಿಗೆ ತರಬೇಕೆಂದು ಬೇಡಿಕೆ ಇಡುತ್ತಾನೆ. ಪೊಲೀಸರೂ ನಾವೂ ಆತನನ್ನು ಅವರ ಸಂಗಡಿಗನೆಂದೇ ಎಣಿಸುತ್ತೇವೆ. ಆದರೆ ಆ ನಾಲ್ವರಲ್ಲಿ ಮೂವರು ಸ್ಫೋಟದಲ್ಲಿ ಸತ್ತಾಗ ನಿಜ ಹೊರಬೀಳುತ್ತದೆ. ಆತ ಅವರನ್ನು ಬಿಡಿಸಲು ಬಂದವನಲ್ಲ, ಕೊಲ್ಲಲು ಬಂದವನು. 2006ರ ಮುಂಬೈ ರೈಲು ಸ್ಫೋಟಗಳಿಂದ ನೊಂದು ಕುದಿದ ಒಬ್ಬ ಸಾಮಾನ್ಯ ಪ್ರಯಾಣಿಕ ಆತ. ಉಳಿದ ನಾಲ್ಕನೆಯವನನ್ನು ನೀವೇ ಮುಗಿಸಿ ಎನ್ನುತ್ತಾನೆ. ಪೊಲೀಸರು ಹಾಗೆಯೇ ಮಾಡುತ್ತಾರೆ. ಕೊನೆಗೆ ಕಮಿಷನರ್ ಆತನನ್ನು ಎದುರುಗೊಂಡೂ ಬಂಧಿಸದೆ ಬಿಟ್ಟುಬಿಡುತ್ತಾರೆ.

ಮೊದಲು ಚಿತ್ರದ ಶಕ್ತಿಯನ್ನು ಒಪ್ಪಿಕೊಳ್ಳೋಣ. ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ, ಅನಗತ್ಯವಾದ ಪ್ರೇಮಕಥೆಯಿಲ್ಲ. ಎರಡು ಗಂಟೆಯೊಳಗೆ ಹೇಳಬೇಕಾದುದನ್ನು ಹೇಳಿ ಮುಗಿಸುತ್ತದೆ. ನಸೀರುದ್ದೀನ್ ಶಾ ಮತ್ತು ಅನುಪಮ್ ಖೇರ್ ಧ್ವನಿ ಏರಿಸದೆಯೇ ಒಬ್ಬರಿಗೊಬ್ಬರು ಎದುರಾಗಿ ನಿಲ್ಲುತ್ತಾರೆ. ನಮ್ಮ ಸಿನಿಮಾಗಳಲ್ಲಿ ಸೇಡಿನ ನಾಯಕನಿಗೆ ಇರುವ ಮಾಂಸಖಂಡಗಳಾಗಲಿ ಅಬ್ಬರವಾಗಲಿ ಈತನಿಗಿಲ್ಲ. ತರಕಾರಿ ಚೀಲ ಹಿಡಿದು ಮನೆಗೆ ಮರಳುವ ಯಾರಾದರೂ ಆಗಬಹುದಾದ ಮನುಷ್ಯ ಆತ.

ಇದಕ್ಕಿಂತ ಮುಖ್ಯವಾದುದು ಆತನ ಭಯದ ಚಿತ್ರಣ. ಹೆಂಡತಿ ಗಂಟೆಗೊಮ್ಮೆ ಕರೆ ಮಾಡಿ ಊಟವಾಯಿತೇ, ಚಹಾ ಕುಡಿದಿರಾ ಎಂದು ಕೇಳುವುದು ವಾಸ್ತವದಲ್ಲಿ ಗಂಡ ಬದುಕಿದ್ದಾನೆಯೇ ಎಂದು ತಿಳಿಯಲಿಕ್ಕೆ ಎಂದು ಆತ ಹೇಳುತ್ತಾನೆ. ಗಡ್ಡ ಬಿಡಲು, ಟೋಪಿ ಧರಿಸಲು ಅಳುಕುವ ಸ್ಥಿತಿಯನ್ನೂ, ಗಲಭೆಯಲ್ಲಿ ಗುರಿಯಾದೀತೆಂದು ಅಂಗಡಿಗೆ ಹೆಸರಿಡಲು ಯೋಚಿಸಬೇಕಾದ ಸಂಕಟವನ್ನೂ ಆತನ ಮಾತು ಮುಟ್ಟುತ್ತದೆ. ಈ ಅಳುಕು ಯಾರದೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಆತ ತನ್ನ ಹೆಸರನ್ನು ಕಮಿಷನರ್‌ಗೆ ಹೇಳುತ್ತಾನಾದರೂ ಅವರು ಅದನ್ನು ನಮಗೆ ತಿಳಿಸುವುದಿಲ್ಲ. ಏಕೆಂದರೆ ಹೆಸರು ಕೇಳಿದೊಡನೆ ಜನರು ಧರ್ಮವನ್ನು ಹುಡುಕುತ್ತಾರೆ. ನೋವಿಗೆ ಧರ್ಮದ ಗುರುತು ಹಚ್ಚದಿರುವ ಈ ನಿರ್ಧಾರ ಪ್ರಾಮಾಣಿಕವಾದುದು. ಭಯೋತ್ಪಾದಕರನ್ನು ಹಿಡಿಯುವ ತಂಡದಲ್ಲಿ ಆರಿಫ್ ಖಾನ್ ಎಂಬ ದಕ್ಷ ಅಧಿಕಾರಿಯೂ ಇದ್ದಾನೆ. ಇದು ಮುಸ್ಲಿಮ್ ದ್ವೇಷದ ಚಿತ್ರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇವನ್ನೆಲ್ಲ ಗಮನಿಸಬೇಕು.

ಹಾಗಾದರೆ ದೋಷವೆಲ್ಲಿದೆ?

ಪ್ರೇಕ್ಷಕನಿಗೆ ಈ ಚಿತ್ರ ಕೊಡುವ ಖಚಿತತೆಯಲ್ಲಿ ದೋಷವಿದೆ. ಇಬ್ರಾಹೀಮ್ ಖಾನ್, ಇಖ್ಲಾಕ್ ಅಹ್ಮದ್, ಮುಹಮ್ಮದ್ ಝಹೀರ್, ಖುರ್ಷಿದ್ ಲಾಲಾ ಎಂಬ ಆ ನಾಲ್ವರು ಅಪರಾಧಿಗಳೆಂಬುದರಲ್ಲಿ ಚಿತ್ರ ನಮಗೆ ಎಳ್ಳಷ್ಟೂ ಸಂಶಯ ಉಳಿಸುವುದಿಲ್ಲ. ಕಥೆಗಾರನೇ ಸಾಕ್ಷಿ, ಕಥೆಗಾರನೇ ನ್ಯಾಯಾಧೀಶ. ಆದ್ದರಿಂದ ಅವರು ಸತ್ತಾಗ ನಮ್ಮ ಅಂತಃಕರಣ ಕದಡುವುದಿಲ್ಲ. ಮನೆಯೊಳಗೆ ಜಿರಲೆ ಬಂದರೆ ಸಾಕುವುದಿಲ್ಲ, ಕೊಲ್ಲುತ್ತೇವೆ ಎಂಬರ್ಥದ ಆತನ ಮಾತು ಚಿತ್ರಮಂದಿರದಲ್ಲಿ ಸಹಜವೆನಿಸಿಬಿಡುತ್ತದೆ. ಒಬ್ಬನು ಅಪರಾಧಿಯೆಂದು ನಿರ್ಧರಿಸಲು ಹತ್ತು ವರ್ಷ ಬೇಕೇ ಎಂದು ಆತ ಕೇಳಿದಾಗ ನಾವೂ ತಲೆದೂಗುತ್ತೇವೆ. ಆದರೆ ತೆರೆಯ ಹೊರಗೆ, ನಿಜವಾದ ಮುಂಬೈಯಲ್ಲಿ, ಅದೇ ರೈಲು ಸ್ಫೋಟದ ಪ್ರಕರಣದಲ್ಲಿ ಏನಾಯಿತೆಂದು ನೋಡೋಣ.

2006ರ ಜುಲೈ 11ರ ಸಂಜೆ ಮುಂಬೈಯ ಉಪನಗರ ರೈಲುಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಏಳು ಸ್ಫೋಟಗಳಾದವು. 180ಕ್ಕೂ ಹೆಚ್ಚು ಮಂದಿ ಸತ್ತರು, 800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ದುಡಿದು ದಣಿದು ಮನೆಗೆ ಹೊರಟಿದ್ದ ಅಮಾಯಕರು ಅವರೆಲ್ಲ. ವಿಶೇಷ ನ್ಯಾಯಾಲಯದಲ್ಲಿ 13 ಮಂದಿಯ ವಿಚಾರಣೆ ನಡೆಯಿತು. 2015ರಲ್ಲಿ ಒಬ್ಬರ ಬಿಡುಗಡೆಯಾಯಿತು, 12 ಮಂದಿಯನ್ನು ಅಪರಾಧಿಗಳೆಂದು ಸಾರಲಾಯಿತು. ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಆ 12 ಮಂದಿಯನ್ನೂ ದೋಷಮುಕ್ತಗೊಳಿಸಿತು. ಆರೋಪವನ್ನು ಸಾಬೀತುಪಡಿಸಲು ಪ್ರಾಸಿಕ್ಯೂಷನ್ ಸಂಪೂರ್ಣವಾಗಿ ವಿಫಲವಾಗಿದೆ ಎಂದು ಹೇಳಿತು. ತಪ್ಪೊಪ್ಪಿಗೆ ಹೇಳಿಕೆಗಳನ್ನು ಅದು ನಂಬಲಿಲ್ಲ. ಬಳಸಿದ ಬಾಂಬ್ ಯಾವ ಬಗೆಯದೆಂಬುದನ್ನೂ ತನಿಖೆ ಸ್ಥಾಪಿಸಿಲ್ಲವೆಂದಿತು. ಅಷ್ಟರಲ್ಲಿ ಅವರಲ್ಲೊಬ್ಬರು 2021ರಲ್ಲಿ ಕೋವಿಡ್‌ಗೆ ತುತ್ತಾಗಿ ಸೆರೆಯಲ್ಲೇ ಕಣ್ಣುಮುಚ್ಚಿದ್ದರು. ರಾಜ್ಯ ಸರಕಾರ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಮಾದರಿಯಾಗಿ ಬಳಸಬಾರದೆಂದು ಆ ನ್ಯಾಯಾಲಯ ಸೂಚಿಸಿತಾದರೂ ಬಿಡುಗಡೆಯಾದವರನ್ನು ಮತ್ತೆ ಸೆರೆಗೆ ಕಳುಹಿಸಲಿಲ್ಲ.

ಈಗ ಚಿತ್ರದ ನಾಯಕನನ್ನು ಈ ವಾಸ್ತವದೊಳಗೆ ತಂದು ನಿಲ್ಲಿಸಿ. 2008ರ ಆ ಬುಧವಾರ ಆತನ ಕೈಗೆ ಸಿಗುತ್ತಿದ್ದವರು ಯಾರು? ಪೊಲೀಸರು ಹಿಡಿದು ಪತ್ರಿಕೆಗಳಲ್ಲಿ ಮುಖ ತೋರಿಸಿದವರೇ. ಅಂದಿನ ಜನಾಭಿಪ್ರಾಯವನ್ನು ಕೇಳಿ ತೀರ್ಪು ಕೊಟ್ಟಿದ್ದರೆ ಇಂದು ಆ ಹೈಕೋರ್ಟ್ ತೀರ್ಪನ್ನು ಓದಲು ಅವರಾರೂ ಉಳಿದಿರುತ್ತಿರಲಿಲ್ಲ. ಸತ್ತವರನ್ನು ಯಾವ ನ್ಯಾಯಾಲಯವೂ ದೋಷಮುಕ್ತಗೊಳಿಸಿ ಮನೆಗೆ ಕಳುಹಿಸಲಾರದು. ನಮ್ಮದೇ ಕಲಬುರಗಿಯಿಂದ 1994ರಲ್ಲಿ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ರೈಲು ಸ್ಫೋಟದ ಆರೋಪದಲ್ಲಿ ಹಿಡಿದೊಯ್ಯಲಾಯಿತು. ಸುಪ್ರೀಮ್ ಕೋರ್ಟ್ ಆತನನ್ನು ಬಿಡುಗಡೆ ಮಾಡಿದ್ದು 2016ರಲ್ಲಿ. ಹದಿಹರೆಯ ದಾಟದ ಹುಡುಗ ನಡುವಯಸ್ಸಿನ ಮನುಷ್ಯನಾಗಿ ಹೊರಬಂದ. ಆತ ಕಳೆದುಕೊಂಡುದು ಅಪಾರ. ಆದರೂ ಆತ ಜೀವಂತವಾಗಿ ಹೊರಬಂದ. ಕಾನೂನಿನ ಪ್ರಕ್ರಿಯೆ ಎಷ್ಟೇ ನಿಧಾನವಾಗಿರಲಿ, ಎಷ್ಟೇ ಕ್ರೂರವಾಗಿರಲಿ, ತಪ್ಪನ್ನು ತಿದ್ದಿಕೊಳ್ಳುವ ಒಂದು ಬಾಗಿಲನ್ನು ಅದು ತೆರೆದಿಡುತ್ತದೆ. ಸೇಡು ಆ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಸ್ಫೋಟದಲ್ಲಿ ಮಡಿದವರ ಕುಟುಂಬಗಳ ನೋವನ್ನು ನಾವು ಇಲ್ಲಿ ಮರೆಯಬಾರದು. ಹತ್ತೊಂಬತ್ತು ವರ್ಷಗಳ ಬಳಿಕ ಅವರ ಕೈಯಲ್ಲಿ ಉಳಿದುದೇನು? ತಮ್ಮವರನ್ನು ಕೊಂದವರಾರು ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿಲ್ಲ. ತಪ್ಪು ಜನರನ್ನು ಹಿಡಿದಾಗ ನಿಜವಾದ ಕೊಲೆಗಾರ ತಪ್ಪಿಸಿಕೊಂಡಿರುತ್ತಾನೆ. ಅಮಾಯಕನ ತಾಯಿಗೂ ಮೃತನ ತಾಯಿಗೂ ಆಗುವ ಅನ್ಯಾಯದ ಮೂಲ ಒಂದೇ ಆಗಿದೆ. ಚಿತ್ರದ ನಾಯಕನ ಕೋಪ ನ್ಯಾಯಬದ್ಧವಾದುದು, ಆದರೆ ಅದು ಪ್ರಾಮಾಣಿಕ ತನಿಖೆಗಾಗಿ, ಶೀಘ್ರ ವಿಚಾರಣೆಗಾಗಿ ಒತ್ತಾಯಿಸಬೇಕಿತ್ತು. ಚಿತ್ರ ಆ ದಾರಿಯತ್ತ ತಿರುಗಿಯೂ ನೋಡುವುದಿಲ್ಲ.

ಎರಡನೆಯ ದೋಷ ಪೊಲೀಸರ ಪಾತ್ರದಲ್ಲಿದೆ. ನಾಯಕನು ಇಡೀ ನಗರಕ್ಕೆ ಬಾಂಬ್ ಬೆದರಿಕೆ ಒಡ್ಡುತ್ತಾನೆ. ಭಯವನ್ನು ಆಯುಧವಾಗಿ ಬಳಸುವ ಈ ವಿಧಾನ ಆತನು ದ್ವೇಷಿಸುವವರದೇ ವಿಧಾನ. ಬಂಧನದಲ್ಲಿರುವ ಆರೋಪಿಯನ್ನು ಕೊಂದು ಅದನ್ನು ಆತ್ಮರಕ್ಷಣೆಯೆಂದು ತೋರಿಸುವ ಅಧಿಕಾರಿಗಳನ್ನು ಚಿತ್ರ ಮೆಚ್ಚುಗೆಯಿಂದ ನೋಡುತ್ತದೆ. ಆರಿಫ್ ಖಾನ್‌ನ ನಿಷ್ಠೆ ಸಾಬೀತಾಗುವುದೂ ಇಂಥ ಕೃತ್ಯದಲ್ಲಿ ಭಾಗಿಯಾಗುವುದರಿಂದಲೇ. ಕಾನೂನನ್ನು ಗೌರವಿಸುತ್ತ ಪ್ರಾಮಾಣಿಕನಾಗಿರುವ ಮುಸ್ಲಿಮ್ ಅಧಿಕಾರಿಯನ್ನು ಕಲ್ಪಿಸಿಕೊಳ್ಳಲು ಚಿತ್ರಕ್ಕೆ ಸಾಧ್ಯವಾಗಲಿಲ್ಲ.

ಇದು ಬರೀ ಸಿನಿಮಾ ಎಂದು ಹೇಳುವವರು 2019ರ ಡಿಸೆಂಬರ್ 6ನ್ನು ನೆನಪಿಸಿಕೊಳ್ಳಲಿ. ಹೈದರಾಬಾದ್ ಸಮೀಪ ಪಶುವೈದ್ಯೆಯೊಬ್ಬರ ಮೇಲೆ ನಡೆದ ಅತ್ಯಾಚಾರ ಮತ್ತು ಹತ್ಯೆಯ ನಾಲ್ವರು ಆರೋಪಿಗಳನ್ನು ಅಂದು ಪೊಲೀಸರು ಗುಂಡಿಟ್ಟು ಕೊಂದರು. ಜನರು ಪೊಲೀಸರ ಮೇಲೆ ಹೂ ಸುರಿದರು. ಸುಪ್ರೀಮ್ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್‌ಪುರ್‌ಕರ್ ಆಯೋಗ 2022ರಲ್ಲಿ ಬಹಿರಂಗವಾದ ತನ್ನ ವರದಿಯಲ್ಲಿ, ಅವರನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದಲ್ಲಿ ವಿಚಾರಣೆಗೆ ಒಳಪಡಿಸಬೇಕೆಂದೂ ಹೇಳಿತು. ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರೆಂದೂ ಅದು ಕಂಡುಕೊಂಡಿತು. ಹೂ ಸುರಿದವರು ದುಷ್ಟರಾಗಿರಲಿಲ್ಲ. ಹೆಣ್ಣುಮಕ್ಕಳ ಸುರಕ್ಷೆಗಾಗಿ ಮಿಡಿದವರೇ ಆಗಿದ್ದರು. ಆದರೆ ಸೇಡಿನ ಕಥೆಗಳು ಕಲಿಸಿದ ಚಪ್ಪಾಳೆ ಅಂದು ಬೀದಿಗೆ ಬಂದಿತ್ತು.

ಇನ್ನು ನಮ್ಮ ಧರ್ಮದ ಬೆಳಕಿನಲ್ಲಿ ನೋಡೋಣ. ಇಸ್ಲಾಮ್ ಕೋಪವನ್ನು ನಿರಾಕರಿಸುವುದಿಲ್ಲ, ಪ್ರತೀಕಾರದ ಹಕ್ಕನ್ನೂ ಅಲ್ಲಗಳೆಯುವುದಿಲ್ಲ. ಅನ್ಯಾಯವಾಗಿ ಕೊಲ್ಲಲ್ಪಟ್ಟವನ ವಾರಸುದಾರನಿಗೆ ಹಕ್ಕಿದೆಯೆಂದು ಪವಿತ್ರ ಕುರ್‌ಆನ್ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಹೇಳುತ್ತದೆ, ಅದೇ ಉಸಿರಿನಲ್ಲಿ ಆತನು ಮಿತಿಮೀರಬಾರದೆಂದೂ ಎಚ್ಚರಿಸುತ್ತದೆ. ಆ ಹಕ್ಕನ್ನು ಜಾರಿಗೊಳಿಸುವ ಅಧಿಕಾರ ನ್ಯಾಯವ್ಯವಸ್ಥೆಯದೇ ಹೊರತು ವ್ಯಕ್ತಿಯದಲ್ಲವೆಂದು ಕರ್ಮಶಾಸ್ತ್ರ ಪಂಡಿತರು ವಿವರಿಸಿದ್ದಾರೆ. ಅಲೀ(ರ)ಯವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ ಪ್ರವಾದಿ(ಸ)ಯವರು ನೀಡಿದ ಉಪದೇಶ, ಇನ್ನೊಂದು ಪಕ್ಷದ ಮಾತನ್ನೂ ಕೇಳದೆ ತೀರ್ಪು ನೀಡಬಾರದೆಂಬುದಾಗಿತ್ತು. ತಾರಸಿಯ ಮೇಲೆ ಕುಳಿತವನ ನ್ಯಾಯದಲ್ಲಿ ಇನ್ನೊಂದು ಪಕ್ಷಕ್ಕೆ ಜಾಗವೇ ಇಲ್ಲ.

ಅನ್ನಿಸಾ ಅಧ್ಯಾಯದ ಕೆಲವು ವಚನಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ಘಟನೆಯನ್ನು ವಿವರಿಸುತ್ತಾರೆ. ಮದೀನದಲ್ಲಿ ಒಂದು ಕವಚ ಕಳವಾಯಿತು. ಕದ್ದವನು ಮುಸ್ಲಿಮರ ನಡುವಿನವನೇ. ಆದರೆ ಆತ ಆರೋಪವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ, ಆತನ ಕುಲದವರೂ ಅದಕ್ಕೆ ದನಿಗೂಡಿಸಿದರು. ಮೇಲ್ನೋಟದ ಸಾಕ್ಷ್ಯ ಯಹೂದಿಯ ವಿರುದ್ಧವೇ ಇತ್ತು. ಆಗ ಅಲ್ಲಾಹನು ಆ ಯಹೂದಿಯ ನಿರಪರಾಧಿತ್ವವನ್ನು ಬಯಲುಗೊಳಿಸಿದನು. ತಮ್ಮವನೆಂಬ ಕಾರಣಕ್ಕೆ ವಂಚಕನ ಪರ ವಾದಿಸಬಾರದೆಂಬ ಪಾಠ ಅಂದಿನಿಂದ ಕುರ್‌ಆನಿನ ಭಾಗವಾಗಿ ಉಳಿದಿದೆ.

ಈ ಪಾಠ ನಮ್ಮ ಮೇಲೂ ಭಾರ ಹೊರಿಸುತ್ತದೆ. 2025ರ ಜುಲೈ 21ರ ತೀರ್ಪಿಗೆ ನಾವು ಸಂತೋಷಪಟ್ಟೆವು. ಹತ್ತು ದಿನಗಳ ಬಳಿಕ, ಜುಲೈ 31ರಂದು, 2008ರ ಮಾಲೆಗಾಂವ್ ಸ್ಫೋಟದ ಏಳು ಮಂದಿ ಆರೋಪಿಗಳನ್ನು ವಿಶೇಷ ನ್ಯಾಯಾಲಯ ಸಾಕ್ಷ್ಯದ ಕೊರತೆಯಿಂದ ಬಿಡುಗಡೆ ಮಾಡಿದಾಗ ನಮ್ಮಲ್ಲಿ ಅನೇಕರ ಎದೆ ಕುದಿಯಿತು. ಅಲ್ಲಿ ಮಡಿದ ಆರು ಮಂದಿಯ ಕುಟುಂಬಗಳಿಗೆ ಮೇಲ್ಮನವಿಯ ಹಕ್ಕಿದೆ, ತನಿಖೆಯ ವೈಫಲ್ಯವನ್ನು ಪ್ರಶ್ನಿಸುವ ಹಕ್ಕು ನಮಗೂ ಇದೆ. ಆದರೆ ಒಂದು ಪ್ರಕರಣದಲ್ಲಿ ಸಾಕ್ಷ್ಯವನ್ನು ಕೇಳಿ, ಇನ್ನೊಂದರಲ್ಲಿ ಹೆಸರನ್ನು ನೋಡಿ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂಬ ಆಶಯದ ಅಲ್ ಮಾಇದಃ ಅಧ್ಯಾಯದ ಆಜ್ಞೆ ಬಂದಿರುವುದು ಸತ್ಯವಿಶ್ವಾಸಿಗಳನ್ನು ಉದ್ದೇಶಿಸಿಯೇ. ನಾವು ನಮಗಾಗಿ ಕೇಳುವ ಮಾನದಂಡವನ್ನು ಇತರರಿಗೂ ಒಪ್ಪಿಕೊಂಡಾಗ ಮಾತ್ರ ನಮ್ಮ ಬೇಡಿಕೆಗೆ ತೂಕ ಬರುತ್ತದೆ.

ಹಾಗಾದರೆ ಮಕ್ಕಳು ಇಂಥ ಚಿತ್ರ ನೋಡಬಾರದೇ? ಮೊಬೈಲ್ ಪ್ರತಿ ಕೈಯಲ್ಲೂ ಇರುವ ಕಾಲದಲ್ಲಿ ಬರೀ ನಿಷೇಧದಿಂದ ಫಲವಿಲ್ಲ. ನೋಡಿದ ಬಳಿಕ ಅವರೊಂದಿಗೆ ಕುಳಿತು ಮಾತಾಡುವುದು ಹೆಚ್ಚು ಉಪಯುಕ್ತ. ಆ ನಾಲ್ವರು ಅಪರಾಧಿಗಳೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿರಿ. ನಿರ್ದೇಶಕ ಹೇಳಿದ್ದರಿಂದ ಎಂಬ ಉತ್ತರ ಬಂದರೆ, ನಿನ್ನ ಅಣ್ಣನ ಬಗ್ಗೆ ಟಿವಿ ಹೀಗೆಯೇ ಹೇಳಿದ್ದರೆ ನಂಬುತ್ತಿದ್ದೆಯಾ ಎಂದು ಕೇಳಿರಿ. ಆಮೇಲೆ, ಪಕ್ಕದ ಮನೆಯ ಬೇರೆ ಧರ್ಮದ ಹುಡುಗನ ಬಗ್ಗೆ ಹೇಳಿದ್ದರೆ ನಂಬುತ್ತಿದ್ದೆಯಾ ಎಂದೂ ಕೇಳಿರಿ. ಎರಡಕ್ಕೂ ಒಂದೇ ಉತ್ತರ ಕೊಡಲು ಕಲಿತ ಮಗು ನ್ಯಾಯದ ಮೊದಲ ಪಾಠವನ್ನು ಕಲಿತಂತೆ. ಆ ಪಾಠವನ್ನು ಸಿನಿಮಾ ಕಲಿಸಲಿಲ್ಲವೆಂದು ದೂರುವುದಕ್ಕಿಂತ ನಮ್ಮ ಮನೆಗಳಲ್ಲಿ ನಾವೇ ಕಲಿಸುವುದು ಒಳ್ಳೆಯದು.